ಕಣಿ ಹೇಳುವವಳಿಗೆ ಎಷ್ಟು ಹೆಸರು?

ನಾನು ಅನುವಾದ ಮಾಡಿ ಬದುಕುವವಳು. ಊರು ಕೊಪ್ಪಳದ ಕಡೆ, ಈಗ ಇರುವುದು ಬಳ್ಳಾರಿಯಲ್ಲಿ. ಬರುವ ಕೆಲಸದಲ್ಲಿ ಮುಕ್ಕಾಲು ಪಾಲು ಔಷಧಿ ಡಬ್ಬಿಯ ಒಳಗಿನ ಚೀಟಿ, ಬ್ಯಾಂಕಿನ ಫಾರಂ, ಪಂಪ್‌ಸೆಟ್ ಕೈಪಿಡಿ. ಮನಸ್ಸಿಗೆ ಹಿಡಿಸುವಂಥದ್ದು ವರ್ಷಕ್ಕೆ ಒಂದೋ ಎರಡೋ. ಹೋದ ವರ್ಷ ಅಂಥದ್ದೊಂದು ಸಿಕ್ಕಿತು. ಮಕ್ಕಳಿಗಾಗಿ ಬರೆದ ಇಂಗ್ಲಿಷ್ ಹಸ್ತಪ್ರತಿ. ಬೇರೆ ಬೇರೆ ನಾಡುಗಳಲ್ಲಿ ಮುಂದಾಗುವುದನ್ನು ಹೇಳುತ್ತಿದ್ದ ಹೆಂಗಸರ ಕತೆಗಳು. ಗ್ರೀಸಿನ ಪಿಥಿಯಾ, ಇಸ್ರೇಲಿನ ದೆಬೋರ, ಗ್ರೀನ್‌ಲ್ಯಾಂಡಿನ ಒಬ್ಬ ವೋಲ್ವ, ಬೆರ್ಬೆರರ ರಾಣಿ ಕಾಹಿನಾ, ಹೀಗೆ ಹದಿನೆಂಟು ಜನ. ಇಂಗ್ಲಿಷಿನಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಒಂದೇ ಪದ ಇತ್ತು, ಪ್ರಾಫೆಟೆಸ್. ನಾನೂ ಕಣ್ಣುಮುಚ್ಚಿ ಎಲ್ಲ ಕಡೆ ‘ಪ್ರವಾದಿನಿ’ ಅಂತ ಹಾಕುತ್ತಾ ಹೋದೆ.

ಕರಡು ಮುಗಿದ ರಾತ್ರಿ ಮಗಳಿಗೆ ಓದಿ ಹೇಳಿದೆ. ಅವಳಿಗೆ ಒಂಬತ್ತು ವರ್ಷ. ಮೂರನೇ ಪುಟಕ್ಕೆ ತಡೆದಳು.

‘ಅಮ್ಮಾ, ಪ್ರವಾದಿನಿ ಅಂದ್ರ ಏನು? ಪ್ರವಾಹ ತರಾಕಿನಾ?’

ತುಂಗಭದ್ರೆಯ ಗೇಟು ತೆಗೆದ ಸುದ್ದಿ ಕೇಳಿಕೊಂಡೇ ಬೆಳೆದ ಮಗು, ಅದರ ತಪ್ಪಿಲ್ಲ ಬಿಡಿ. ತಪ್ಪು ನನ್ನದೇ. ಪ್ರವಾದಿನಿ ಕೆಟ್ಟ ಪದವೇನಲ್ಲ. ಕನ್ನಡ ಬೈಬಲಿನ ದೆಬೋರ ಪ್ರವಾದಿನಿಯೇ. ಪತ್ರಿಕೆಗಳು ‘ಪ್ರವಾದಿ ಮುಹಮ್ಮದ್’ ಎಂದೇ ಬರೆಯುತ್ತವೆ. ಆದರೆ ಆ ಪದಕ್ಕೆ ಒಂದು ಮನೆ ಇದೆ. ದೇವರೊಬ್ಬನೇ ಎಂದು ನಂಬುವ, ಗ್ರಂಥವಿರುವ ಧರ್ಮಗಳ ಮನೆ ಅದು. ಬೆಕ್ಕಿನ ತೊಗಲಿನ ಕೈಗವಸು ಹಾಕಿಕೊಂಡು ಕೂರುವ ವೋಲ್ವಳನ್ನು ಅದರೊಳಗೆ ತಂದು ಕೂರಿಸಿದರೆ ಅವಳಿಗೂ ಇರುಸುಮುರುಸು, ಮನೆಯವರಿಗೂ ಇರುಸುಮುರುಸು.

ಇದೇ ಬಳ್ಳಾರಿಯಲ್ಲಿ ಕೂತು ಇಂಥ ಪದಗಳಿಗೆ ತಲೆ ಕೆಡಿಸಿಕೊಂಡವರಲ್ಲಿ ನಾನು ಮೊದಲಿನವಳಲ್ಲ ಅನ್ನುವುದು ಆಗ ನೆನಪಾಯಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದು ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈ ಹಚ್ಚಿದ. ಜೊತೆಗಿದ್ದ ವಿಲಿಯಂ ರೀವ್ ಮುಂದೆ ನಿಘಂಟು ಮಾಡಿದ. ಪೂರ್ತಿ ಬೈಬಲ್ ಹೊರಬಂದದ್ದು 1831ರಲ್ಲಿ. ಇಪ್ಪತ್ತು ವರ್ಷದ ಕೆಲಸ! ನನಗೆ ಕೊಟ್ಟಿದ್ದು ಆರು ವಾರ.

ಮೊದಲು ಮಾಡಿದ ಕೆಲಸ ಅಂದರೆ ಚಿಗವ್ವನಿಗೆ ಫೋನು. ನಿಘಂಟಿಗಿಂತ ಮುಂಚೆ ಚಿಗವ್ವ, ಇದು ನನ್ನ ಕ್ರಮ. ‘ಮುಂದಾಗೋದು ಹೇಳೋ ಹೆಂಗಸಿಗೆ ನಮ್ಮ ಕಡೆ ಏನಂತಾರ?’ ಅಂದೆ.

‘ಯಾವಾಕಿ? ಕಣಿ ಹೇಳಾಕಿನಾ? ಮೈಮ್ಯಾಲ ದೇವರು ಬರಾಕಿನಾ? ಕಾಳು ಹಾಕಿ ನೋಡಾಕಿನಾ? ಒಬ್ಬಾಕಿ ಅಲ್ಲವಾ ತಾಯಿ ಅವರು.’

ಆರು ವಾರದ ಕೆಲಸಕ್ಕೆ ಬೇಕಾದ ದಾರಿ ಅಲ್ಲೇ ಸಿಕ್ಕಿಬಿಟ್ಟಿತ್ತು, ನನಗೆ ಗೊತ್ತಾಗಿದ್ದು ಮಾತ್ರ ಆಮೇಲೆ. ಚಿಗವ್ವ ಒಂದು ಸಲವೂ ಹೆಸರುಪದ ಹೇಳಿರಲಿಲ್ಲ. ಹೇಳಾಕಿ, ಬರಾಕಿ, ನೋಡಾಕಿ. ಬರೀ ಕೆಲಸ.

ಹುಣ್ಣಿಮೆಗೆ ಹುಲಿಗಿಗೆ ಹೋದೆವು. ಮುನಿರಾಬಾದಿನ ಹತ್ತಿರ, ಹೊಳೆ ದಂಡೆಯ ಹುಲಿಗೆಮ್ಮನ ಗುಡಿ. ಹುಣ್ಣಿಮೆ ದಿನ ಅಲ್ಲಿ ಕಾಲಿಡಲೂ ಜಾಗ ಇರುವುದಿಲ್ಲ. ತಲೆ ಮೇಲೆ ಕೊಡ ಹೊತ್ತ ಜೋಗತಿಯರು, ಬೇವು, ಭಂಡಾರ, ಚೌಡಿಕೆಯ ಸದ್ದು. ಸ್ನಾನಘಟ್ಟದ ಮೇಲೆ ಹುಣಸೆ ಮರದ ನೆರಳಿಗೆ ಒಬ್ಬ ಕಣಿ ಹೇಳುವ ಅಜ್ಜಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಬುಟ್ಟಿಯಲ್ಲಿ ಅಮ್ಮನ ಸಣ್ಣ ಮೂರ್ತಿ, ಕವಡೆ, ಅರ್ಧ ತಿಂದ ಬಾಳೆಹಣ್ಣು. ಕೈಯಲ್ಲಿ ಮೊಳದುದ್ದದ ಕೋಲು. ಹಿಡಿದು ಹಿಡಿದು ನಡುವೆ ಎಣ್ಣೆ ಹಚ್ಚಿದ ಹಾಗೆ ಮಿರುಗುತ್ತಿತ್ತು.

ಕೋಲಿನ ತುದಿಯನ್ನು ನನ್ನ ಅಂಗೈಗೆ ಮುಟ್ಟಿಸಿ, ಕಣ್ಣು ಮುಚ್ಚಿ, ಒಂದೇ ಉಸಿರಿಗೆ ಹೇಳುತ್ತಾ ಹೋದಳು. ನಾನು ನಡುವೆ ಬಾಯಿ ಹಾಕಿದೆ: ‘ಅಜ್ಜಿ, ಇದೆಲ್ಲ ನಿಮಗ ಎಲ್ಲಿ ಕಾಣತೈತಿ?’

ಕಣ್ಣು ತೆರೆದಳು. ‘ನನಗೇನೂ ಕಾಣಂಗಿಲ್ಲವ್ವ. ಆಕಿ ನೋಡ್ತಾಳ, ನಾನು ಹೇಳ್ತೀನಿ’ ಅಂದು ಬುಟ್ಟಿಯ ಮೂರ್ತಿಯ ಕಡೆ ಗದ್ದ ತೋರಿಸಿದಳು. ಹೇಳುತ್ತಿದ್ದುದನ್ನು ಮತ್ತೆ ಮೊದಲಿಂದ ಶುರು ಮಾಡಿದಳು, ನಡುವೆ ತಡೆದರೆ ದಾರ ಕಡಿಯುತ್ತದಂತೆ. ನನಗೆ ಬರುವ ದುಡ್ಡು ತಡವಾಗುತ್ತದೆ ಅಂತಲೂ ಹೇಳಿದಳು. ಅನುವಾದಕಿಗೆ ಅದನ್ನು ಹೇಳಲು ಕಣಿ ಬೇಕಾಗಿರಲಿಲ್ಲ.

ಆಕಿ ನೋಡ್ತಾಳ, ನಾನು ಹೇಳ್ತೀನಿ. ವಾಪಸ್ ಬರುವಾಗ ರೈಲಿನಲ್ಲಿ ಅದೇ ತಲೆಯಲ್ಲಿ. ಗ್ರೀಕಿನ ‘ಪ್ರೊಫೇಟಿಸ್’ ಅಂದರೆ ಇದೇ ಅಲ್ವಾ? ‘ಪ್ರೊ’ ಅಂದರೆ ಮುಂದೆ, ಪರವಾಗಿ. ‘ಫೇಮಿ’ ಅಂದರೆ ನುಡಿಯುತ್ತೇನೆ. ದೇವರ ಪರವಾಗಿ ನುಡಿಯುವವಳು. ಸಂಸ್ಕೃತದ ‘ಪ್ರ’ ಮತ್ತು ಗ್ರೀಕಿನ ‘ಪ್ರೊ’ ಅಕ್ಕತಂಗಿಯರು, ಹಾಗಾಗಿ ಪ್ರ-ವಾದಿನಿ ಎಂಬ ಪದದ ಕಟ್ಟಡವೂ ಅದೇ. ಆದರೆ ‘ನೋಡುವವಳು’ ಬೇರೆ. ಹೀಬ್ರೂ ಭಾಷೆಯಲ್ಲಿ ಇವೆರಡಕ್ಕೂ ಬೇರೆ ಬೇರೆ ಪದ. ‘ನವೀ’ ಪ್ರವಾದಿ, ಹೆಣ್ಣಾದರೆ ‘ನವೀಆ’. ‘ರೋಎ’ ಅಂದರೆ ನೋಡುವವನು. ಬೈಬಲಿನ ಸಮುವೇಲನ ಮೊದಲ ಪುಸ್ತಕದಲ್ಲೇ ಒಂದು ಟಿಪ್ಪಣಿಯಂಥ ಮಾತು ಬರುತ್ತದೆ: ಈಗ ನವೀ ಅನ್ನಿಸಿಕೊಳ್ಳುವವನನ್ನು ಹಿಂದೆ ರೋಎ ಅನ್ನುತ್ತಿದ್ದರು ಅಂತ. ಅಷ್ಟು ಹಳೇ ಕಾಲದಲ್ಲೂ ಯಾರೋ ಒಬ್ಬ ನನ್ನಂಥವನು ಪದದ ಬಗ್ಗೆ ಓದುಗರಿಗೆ ವಿವರಣೆ ಕೊಡುತ್ತಾ ಕೂತಿದ್ದ.

ಮನೆಗೆ ಬಂದು ಒಂದು ಇನ್ನೂರು ಪುಟದ ನೋಟ್‌ಬುಕ್ ತೆಗೆದೆ. ಹೆಸರುಗಳನ್ನು ಬಿಟ್ಟು ಕ್ರಿಯಾಪದಗಳಿಗೆ ಒಂದೊಂದು ಪುಟ ಕೊಟ್ಟೆ. ನೋಡು, ಹೇಳು, ಕೇಳು, ಅರಿ, ಹಿಡಿ. ಹದಿನೆಂಟು ಹೆಂಗಸರನ್ನೂ ಅವರವರ ಭಾಷೆಯ ಪದದ ಬೇರು ನೋಡಿ ಅವರವರ ಪುಟಕ್ಕೆ ಕಳಿಸಿದೆ.

‘ನೋಡು’ ಪುಟ ಬೇಗ ತುಂಬಿತು. ಇಂಗ್ಲಿಷಿನ ಸೀರ್, ಜರ್ಮನ್ನಿನ ಸೇಹರಿನ್, ಫ್ರೆಂಚಿನ ವ್ವಾಯಾಂತ್, ಎಲ್ಲವೂ ಸುಮ್ನೆ ‘ನೋಡುವವಳು’. ಸ್ಕಾಟ್ಲೆಂಡಿನ ಗೇಲಿಕ್‌ನಲ್ಲಿ ಈ ಶಕ್ತಿಗೆ ‘ಎರಡು ನೋಟ’ ಎಂಬರ್ಥದ ಮಾತಿದೆ. ಮೊದಲ ಶತಮಾನದಲ್ಲಿ ರೋಮನ್ನರ ವಿರುದ್ಧ ದಂಗೆ ಎದ್ದಾಗ ರೈನ್ ನದಿ ಕಡೆಯ ಜನ ವೆಲೆದಾ ಎಂಬುವಳ ಮಾತು ಕೇಳುತ್ತಿದ್ದರು. ಅವಳು ಎತ್ತರದ ಗೋಪುರದಲ್ಲಿರುತ್ತಿದ್ದಳು, ಯಾರಿಗೂ ಮುಖ ತೋರಿಸುತ್ತಿರಲಿಲ್ಲ, ನಂಟನೊಬ್ಬ ಪ್ರಶ್ನೆ ಉತ್ತರ ಸಾಗಿಸುತ್ತಿದ್ದ ಅಂತ ರೋಮಿನ ಇತಿಹಾಸಕಾರ ಟಾಸಿಟಸ್ ಬರೆದಿದ್ದಾನೆ. ಅವಳ ಹೆಸರಿನ ಬೇರಿಗೂ ‘ನೋಡು’ ಎಂದೇ ಅರ್ಥ ಹೇಳುತ್ತಾರೆ. ವೇದದ ಪದಗಳ ಬೇರು ಹೇಳುವ ಯಾಸ್ಕನ ನಿರುಕ್ತ ‘ಋಷಿ’ ಎಂಬುದಕ್ಕೆ ಕೊಡುವ ವಿವರಣೆಯೂ ಇದೇ: ಕಂಡದ್ದರಿಂದ ಋಷಿ. ಇನ್ನು ನಮ್ಮ ಕಣಿ? ನಾನು ಅದನ್ನು ‘ಹೇಳು’ ಪುಟಕ್ಕೆ ಹಾಕಿದ್ದೆ. ನಿಘಂಟು ತೆಗೆದರೆ ಕಣಿ ಅಂದರೆ ಮೊದಲಿಗೆ ನೋಟ, ಶಕುನದ ನೋಟ. ‘ಕಾಣು’ ಎಂಬುದರ ಮನೆಯವಳೇ. ಮಲಯಾಳಿಗಳು ವಿಷು ಹಬ್ಬದ ಬೆಳಿಗ್ಗೆ ಎದ್ದ ಕೂಡಲೇ ನೋಡುವ ವಿಷು ಕಣಿಯೂ ಇದೇ ಕಣಿ. ಅಂದರೆ ‘ಕಣಿ ಹೇಳಾಕಿ’ ಎಂಬ ಎರಡೇ ಪದದಲ್ಲಿ ನೋಡುವುದು, ಹೇಳುವುದು ಎರಡೂ ಇದೆ. ಅಜ್ಜಿ ಹೇಳಿದ ಲೆಕ್ಕವೇ!

‘ಅರಿ’ ಪುಟಕ್ಕೆ ಮೊದಲು ಬಂದದ್ದು ತೆಲುಗು. ಬಳ್ಳಾರಿಯಲ್ಲಿ ಅದಕ್ಕೆ ನಿಘಂಟು ಬೇಡ, ಕೆಳಗಿನ ಮನೆಗೆ ಇಳಿದರೆ ಸಾಕು. ‘ಎರುಕ ಚೆಪ್ಪಡಂ’ ಅನ್ನುತ್ತಾರೆ. ಎರುಕ ಅಂದರೆ ಅರಿವು, ನಮ್ಮ ಅರಿ ಮತ್ತು ಅವರ ಎರುಗು ಒಂದೇ ಬೇರಿನವು. ‘ಸೋದಿ’ ಅಂತಲೂ ಇದೆ, ಆದರೆ ಈಗ ಸೋದಿ ಅಂದರೆ ಕೊರೆತ. ಕಣಿ ಹೇಳುತ್ತಿದ್ದ ಪದ ಕೊರೆಯುವ ಪದ ಆಗಿದ್ದು ಕಂಡು ಬೇಜಾರಾಯಿತು. ಅದಕ್ಕಿಂತ ಜಾಸ್ತಿ ಬೇಜಾರು ತಂದದ್ದು ರಷ್ಯನ್. ಅಲ್ಲಿನ ‘ವೆದ್ಮ’ ಎಂಬ ಪದದಲ್ಲಿರುವುದು ನಮ್ಮ ‘ವೇದ’ದ ಬೇರೇ, ಬಲ್ಲವಳು ಅಂತ. ಈಗ ಅದರ ಅರ್ಥ ಮಾಟಗಾತಿ. ಕಾಹಿನಾ ಎಂಬುದೂ ಹೆಸರಲ್ಲ, ಅರಬ್ಬಿಯಲ್ಲಿ ಕಣಿ ಹೇಳುವವಳು ಅಂತ. ಏಳನೇ ಶತಮಾನದ ಕೊನೆಯಲ್ಲಿ ಉತ್ತರ ಆಫ್ರಿಕಾದಲ್ಲಿ ಅರಬ್ಬರ ಸೈನ್ಯವನ್ನು ಎದುರಿಸಿದ ರಾಣಿಗೆ ಎದುರಾಳಿಗಳು ಇಟ್ಟ ಹೆಸರು ಅದು. ದಿಹ್ಯಾ ಅನ್ನುವುದು ಅವಳ ಹೆಸರಂತೆ. ಅನುವಾದದಲ್ಲಿ ದಿಹ್ಯಾಳನ್ನು ಮುಂದಿಟ್ಟು, ಕಾಹಿನಾ ಎಂಬುದನ್ನು ‘ಅರಬ್ಬರು ಹಾಗೆ ಕರೆದರು’ ಅಂತ ಹಿಂದಿಟ್ಟೆ.

ನನಗೆ ತೀರಾ ಇಷ್ಟವಾದ ಪುಟ ‘ಕೇಳು’. ಅಮರಕೋಶದಲ್ಲಿ ಇಂಥ ಹೆಂಗಸಿಗೆ ಮೂರು ಪದ ಸಾಲಾಗಿ ಬರುತ್ತವೆ: ವಿಪ್ರಶ್ನಿಕಾ, ಈಕ್ಷಣಿಕಾ, ದೈವಜ್ಞಾ. ಪ್ರಶ್ನೆ ಕೇಳುವವಳು, ನೋಡುವವಳು, ದೈವ ಬಲ್ಲವಳು. ನನ್ನ ಮೂರು ಪುಟಗಳು ಅರ್ಧ ಶ್ಲೋಕದಲ್ಲಿ! ವಿಪ್ರಶ್ನಿಕಾಗೆ ಒಬ್ಬಳು ಜೋಡಿ ಸಿಕ್ಕಿದ್ದು ಎಲ್ಲಿ ಗೊತ್ತಾ? ಮೆಸೊಪಟೇಮಿಯಾದ ಅಕ್ಕಾಡಿಯನ್ ಭಾಷೆಯಲ್ಲಿ. ಅಲ್ಲಿ ಕನಸಿನ ಅರ್ಥ ಹೇಳುವ ಹೆಂಗಸು ‘ಶಾಇಲ್ತು’, ಅಂದರೆ ಕೇಳುವವಳು. ನಾವು ಅವಳ ಹತ್ತಿರ ಕೇಳಲು ಹೋಗುತ್ತೇವೆ, ಅವಳು ದೇವರ ಹತ್ತಿರ ಕೇಳುತ್ತಾಳೆ. ಅದೇ ಭಾಷೆಯಲ್ಲಿ ದೇವಿಯ ನುಡಿ ಸಾರುವವಳು ‘ರಗ್ಗಿಂತು’, ಕೂಗುವವಳು. ಅಸ್ಸೀರಿಯಾದ ಎಸರ್‌ಹದ್ದೋನ್ ರಾಜನಿಗೆ ಇಶ್ತಾರ್ ದೇವಿಯ ಹೆಸರಲ್ಲಿ ಇಂಥವರು ಹೇಳಿದ ಮಾತುಗಳು ಮಣ್ಣಿನ ಹಲಗೆಗಳ ಮೇಲೆ ಉಳಿದಿವೆ.

ಕೂಗುವವಳು ಅಂದ ಕೂಡಲೇ ನನಗೆ ಮೈಲಾರ ನೆನಪಾಯಿತು. ಮೈಲಾರ ಮೊದಲು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು, ಈಗ ವಿಜಯನಗರಕ್ಕೆ ಹೋಯಿತು. ಗೊರವಯ್ಯ ಎತ್ತರದ ಬಿಲ್ಲು ಏರಿ ‘ಸದ್ದಲೇ’ ಅಂತಾನೆ. ಅಷ್ಟು ದೊಡ್ಡ ಜಾತ್ರೆ ಗಪ್‌ಚುಪ್. ಒಂದೇ ಒಂದು ಸಾಲು ಕಾರ್ಣಿಕ ನುಡಿದು ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಸಾಲು ಮಳೆಗೋ ಬೆಳೆಗೋ ಸರ್ಕಾರಕ್ಕೋ ಅಂತ ಜನ ವರ್ಷವಿಡೀ ಚರ್ಚೆ ಮಾಡುತ್ತಾರೆ. ಆದರೆ ಅವನು ಗಂಡಸು, ನನ್ನ ಪಟ್ಟಿಗೆ ಬರುವಂತಿಲ್ಲ. ಹೆಣ್ಣಿನ ಜೋಡಿ ಬೇಕೆಂದರೆ ಸಿಕಂದರಾಬಾದಿನ ಬೋನಾಲು ಹಬ್ಬದ ‘ರಂಗಂ’ ಇದೆ. ಅಲ್ಲಿ ಹಸಿ ಮಡಕೆಯ ಮೇಲೆ ನಿಂತು ಒಬ್ಬ ಹೆಂಗಸು ವರ್ಷದ ಭವಿಷ್ಯ ನುಡಿಯುತ್ತಾಳೆ. ಡೆಲ್ಫಿಯ ಪಿಥಿಯಾ ಮೂರು ಕಾಲಿನ ಪೀಠದ ಮೇಲೆ ಕೂರುತ್ತಿದ್ದಳು. ನೆಲ ಬಿಟ್ಟು ಒಂದು ಗೇಣಾದರೂ ಮೇಲಿದ್ದರೇ ಮಾತು ಬರುವುದೇನೋ!

‘ಹಿಡಿ’ ಪುಟದಲ್ಲಿ ವೋಲ್ವ ಸಿಕ್ಕಿಬಿದ್ದಳು. ಹಳೇ ನಾರ್ಸ್ ಭಾಷೆಯಲ್ಲಿ ‘ವೋಲ್ರ್’ ಅಂದರೆ ಕೋಲು, ವೋಲ್ವ ಅಂದರೆ ಕೋಲು ಹಿಡಿದವಳು. ಹುಲಿಗಿಯ ಅಜ್ಜಿಯ ಮಿರುಗುವ ಕೋಲು ಕಣ್ಣ ಮುಂದೆ ಬಂತು. ‘ಕೋಲಜ್ಜಿ’ ಅಂತ ಬರೆದೆ. ಮಗಳು ನಕ್ಕಳು, ಅಡಗೂಲಜ್ಜಿಯ ತಂಗಿ ಅಂದಳು. ಆ ಪದಕ್ಕೆ ಗೀಟು ಎಳೆದೆ. ಕೊನೆಗೆ ವೋಲ್ವ ವೋಲ್ವಳಾಗಿಯೇ ಉಳಿದಳು, ಮೊದಲ ಸಲ ಬಂದಲ್ಲಿ ‘ಕೋಲು ಹಿಡಿದು ಕಣಿ ಹೇಳುವ ವೋಲ್ವ’ ಅಂತ ಸೇರಿಸಿದೆ. ಕೇರಳದ ವೆಳಿಚ್ಚಪ್ಪಾಡಿಗೂ ಅಷ್ಟೇ, ‘ಬೆಳಕು ಹರಿಸುವವಳು’ ಎಂಬ ಒಂದು ಸಣ್ಣ ಬಾಲ.

ಎಲ್ಲದಕ್ಕಿಂತ ಜಾಸ್ತಿ ಸಮಯ ತಿಂದದ್ದು ಪದದ ಬಾಲವೇ. ಒಂದೇ ಪದದಲ್ಲಿ ಹೇಳಬೇಕಾದ ಜಾಗಗಳಿರುತ್ತವೆ, ತಲೆಬರಹ, ಚಿತ್ರದ ಕೆಳಗಿನ ಸಾಲು. ಅಲ್ಲಿಗೆ ‘ಕಣಿಗಾತಿ’ ಅಂತ ಕಟ್ಟಿದೆ. ಚಿಗವ್ವನಿಗೆ ಫೋನಿನಲ್ಲಿ ಓದಿದೆ. ‘ಯಾರಿಗೆ ಮಾಟ ಮಾಡ್ಯಾಳ ಆಕಿ?’ ಅಂದಳು. ಜೊತೆಗಾತಿ ಇದ್ದಾಳಲ್ಲ ಅಂತ ವಾದ ಮಾಡಿದೆ, ಒಪ್ಪಲಿಲ್ಲ. ಗಾತಿ ಅಂದ ಕೂಡಲೇ ಅವಳ ಕಿವಿಗೆ ಬೀಳುವುದು ಮಾಟಗಾತಿಯೇ. ಎರಡು ದಿನ ಬಿಟ್ಟು ‘ಕಣಿಗಿತ್ತಿ’ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹ್ಞೂಂ, ಸೂಲಗಿತ್ತಿ ಇದ್ದಂಗ. ಮನಿಗೆ ಕರೀಬೌದು’ ಅಂದಳು. ಕೊರವಂಜಿ ಎಂಬ ಪದವನ್ನು ಬೇಕೆಂದೇ ಬಿಟ್ಟೆ. ಅದು ಒಂದು ಜನದ ಗುರುತು. ಗ್ರೀಸಿನವಳಿಗೆ ತೊಡಿಸಲು ಅದೇನು ಬಾಡಿಗೆ ಸೀರೆಯೇ?

ಪುಸ್ತಕ ಅಚ್ಚಾಗಿ ಬಂತು, ದುಡ್ಡು ಅಜ್ಜಿ ಹೇಳಿದ ಹಾಗೇ ನಾಲ್ಕು ತಿಂಗಳು ತಡವಾಗಿ ಬಂತು. ದೆಬೋರ, ಹುಲ್ದಾ ಪ್ರವಾದಿನಿಯರಾಗಿಯೇ ಇದ್ದಾರೆ. ಘೋಷಾ, ಅಪಾಲಾ ‘ಋಷಿಕೆ’ಯರು. ಪಿಥಿಯಾ ‘ದೇವರ ನುಡಿ ನುಡಿಯುವವಳು’. ಕಣಿಗಿತ್ತಿ ಏಳು ಕಡೆ ಇದ್ದಾಳೆ. ಒಂದು ಚಿತ್ರದ ಕೆಳಗೆ ಮಾತ್ರ ಯಾರೋ ಅವಳನ್ನು ಕಣಿಗಾತಿ ಮಾಡಿಬಿಟ್ಟಿದ್ದಾರೆ, ನನ್ನ ಪ್ರತಿಯಲ್ಲಿ ಪೆನ್ನಿನಿಂದ ತಿದ್ದಿಕೊಂಡಿದ್ದೇನೆ.

ಚಿಗವ್ವನಿಗೂ ಒಂದು ಪ್ರತಿ ಕೊಟ್ಟೆ. ಅವಳು ಓದುವುದು ನಿಧಾನ, ಬೆರಳಿಟ್ಟು ಓದುತ್ತಾಳೆ. ವಾರ ಬಿಟ್ಟು ಫೋನ್ ಮಾಡಿದಳು.

‘ಆ ಕೋಲಿನಾಕಿ, ಬೆಕ್ಕಿನ ತೊಗಲು ಕೈಗೆ ಹಾಕ್ಯಾಳಲ್ಲ...’

‘ಹೂಂ, ಚಿಗವ್ವ.’

‘ಭಾಳ ಥಂಡಿ ಇರಬೇಕಲ್ಲ ಅವರ ಊರಾಗ, ಪಾಪ.’