ಅನಿಮೇಶನ್ ಚಿತ್ರಕ್ಕೆ ಧ್ವನಿ ಹೊಂದಿಸಿದ ಬಗೆ: ನನ್ನ ಅನುಭವ

ಚಿತ್ರವೆಲ್ಲ ಸಿದ್ಧವಾದ ಮೇಲೆ ಅದಕ್ಕೆ ಧ್ವನಿ ಸೇರಿಸುವುದು ಹೇಗೆ ಎಂದು ಅನಿಮೇಶನ್ ಕಲಿಯುತ್ತಿರುವವರು ನನ್ನನ್ನು ಆಗಾಗ ಕೇಳುತ್ತಾರೆ. ಪಾತ್ರಗಳು ಮಾತನಾಡುವ ಚಿತ್ರವಾದರೆ ಕೆಲಸದ ಕ್ರಮ ಇದಕ್ಕೆ ತಿರುಗುಮುರುಗು. ಮೊದಲು ಮಾತಿನ ಧ್ವನಿಮುದ್ರಣ ಮುಗಿಯಬೇಕು, ಬಾಯಿ ಅಲುಗಿಸುವುದು ಆಮೇಲೆ. ಮಲೆನಾಡಿನ ಮನೆಯೊಂದರ ಜಗಲಿಯಲ್ಲಿ ನಡೆಯುವ ಅಜ್ಜಿ ಮತ್ತು ಮೊಮ್ಮಗಳ ಕಿರುಚಿತ್ರವನ್ನು ಬ್ಲೆಂಡರ್ ಎಂಬ ಅನಿಮೇಶನ್ ತಂತ್ರಾಂಶದಲ್ಲಿ ಮಾಡುವಾಗ ನಾನು ಹಿಡಿದ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ಏನನ್ನೂ ಚಿತ್ರಿಸುವ ಮೊದಲೇ ಸೆಕೆಂಡಿಗೆ 24 ಫ್ರೇಮ್ (ಬಿಡಿ ಚಿತ್ರಗಳು), ಧ್ವನಿಗೆ ಸೆಕೆಂಡಿಗೆ 48,000 ಸ್ಯಾಂಪಲ್ (ಧ್ವನಿಯ ಬಿಡಿ ಅಳತೆಗಳು) ಎಂದು ನಿಗದಿ ಮಾಡಿಕೊಂಡೆ. ಆಗ ಒಂದು ಫ್ರೇಮಿಗೆ ಸರಿಯಾಗಿ 2,000 ಸ್ಯಾಂಪಲ್ ಬರುತ್ತವೆ. 44,100 ಇಟ್ಟುಕೊಂಡರೆ 1,837.5 ಎಂಬ ಅರೆಬರೆ ಲೆಕ್ಕ ಬರುತ್ತದೆ. ಫ್ರೇಮ್ ದರವನ್ನು ನಡುವೆ ಬದಲಿಸಲೇಬಾರದು. 24ಕ್ಕೂ 23.976ಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣದಷ್ಟು ಚಿಕ್ಕದು, ಆದರೆ ಹತ್ತು ನಿಮಿಷದಲ್ಲಿ ಅದು 14 ಫ್ರೇಮುಗಳಷ್ಟು ಬೆಳೆಯುತ್ತದೆ. ಧ್ವನಿಯ ಕಡತಗಳನ್ನು ವೇವ್ ರೂಪದಲ್ಲೇ ಉಳಿಸಿಕೊಂಡೆ, ಏಕೆಂದರೆ ಎಂಪಿ3ಗೆ ಇಳಿಸಿದಾಗ ಕಡತದ ಆರಂಭದಲ್ಲಿ ಸಣ್ಣದೊಂದು ಮೌನ ಸೇರಿಕೊಂಡು ಇಡೀ ಮಾತು ಅಷ್ಟು ಹಿಂದೆ ಸರಿಯುತ್ತದೆ.

ಧ್ವನಿಮುದ್ರಣಕ್ಕೆ ಕೋಣೆಯ ಗೋಡೆಗಳಿಗೆ ಕಂಬಳಿ ಇಳಿಬಿಟ್ಟು ಪ್ರತಿಧ್ವನಿ ತಗ್ಗಿಸಿದೆ. ಮಾತನಾಡುವವರ ಮುಖವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳುತ್ತಾ, ಪ್ರತಿ ಸಲವೂ ಆರಂಭದಲ್ಲಿ ಒಮ್ಮೆ ಚಪ್ಪಾಳೆ ತಟ್ಟಿಸಿದೆ. ಆ ಚಪ್ಪಾಳೆಯ ಗುರುತಿನಿಂದ ವಿಡಿಯೊವನ್ನೂ ಧ್ವನಿಯನ್ನೂ ಜೋಡಿಸುವುದು ಸುಲಭ. ಮೊಬೈಲ್ ವಿಡಿಯೊದ ಫ್ರೇಮ್ ದರ ಅನೇಕ ವೇಳೆ ಏರಿಳಿಯುವುದರಿಂದ ಅದನ್ನು ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಸ್ಥಿರವಾದ 24ಕ್ಕೆ ಬದಲಿಸಿಯೇ ಬಳಸಬೇಕು.

ಚಿತ್ರ ಮತ್ತು ಧ್ವನಿಯ ತುಣುಕುಗಳನ್ನು ಜೋಡಿಸುವ ಬ್ಲೆಂಡರ್‌ನ ವಿಡಿಯೊ ಸೀಕ್ವೆನ್ಸರ್‌ಗೆ ಧ್ವನಿಯನ್ನು ತಂದ ಮೇಲೆ ಟೈಮ್‌ಲೈನಿನ ಪ್ಲೇಬ್ಯಾಕ್ ಮೆನುವಿನಲ್ಲಿ ಎರಡು ಬದಲಾವಣೆ ಮಾಡಿದೆ. ಮೊದಲನೆಯದು ‘ಸಿಂಕ್ ಟು ಆಡಿಯೊ’. ಇದನ್ನು ಆರಿಸದಿದ್ದರೆ ದೃಶ್ಯ ಭಾರವಾದಾಗ ಕಂಪ್ಯೂಟರು ಪ್ರತಿ ಫ್ರೇಮನ್ನೂ ನಿಧಾನವಾಗಿ ತೋರಿಸುತ್ತಾ ಹೋಗುತ್ತದೆ, ಧ್ವನಿ ಮುಂದೆ ಓಡಿರುತ್ತದೆ, ಮತ್ತು ಸರಿಯಾಗಿರುವ ಕೆಲಸವೂ ತಪ್ಪಾಗಿ ಕಾಣುತ್ತದೆ. ಎರಡನೆಯದು ‘ಆಡಿಯೊ ಸ್ಕ್ರಬಿಂಗ್’, ಅಂದರೆ ಫ್ರೇಮಿನಿಂದ ಫ್ರೇಮಿಗೆ ಸರಿಸಿದಂತೆ ಆ ಫ್ರೇಮಿನ ಸದ್ದಿನ ತುಣುಕು ಕೇಳಿಸುವ ಸೌಲಭ್ಯ. ಬ್ಲೂಟೂತ್ ಇಯರ್‌ಫೋನಿನಲ್ಲಿ ಧ್ವನಿ ತಡವಾಗಿ ತಲುಪುವುದರಿಂದ ಈ ಕೆಲಸಕ್ಕೆ ವೈರ್ ಇರುವುದೇ ಬೇಕು.

ಲಿಪ್ ಸಿಂಕ್‌ಗೆ, ಅಂದರೆ ಮಾತಿಗೆ ತುಟಿಯ ಚಲನೆ ಹೊಂದಿಸುವುದಕ್ಕೆ, ನೆರವಾಗುವ ತಂತ್ರಾಂಶಗಳಿವೆ. ರುಬಾರ್ಬ್ ಎಂಬ ಉಚಿತ ತಂತ್ರಾಂಶವು ಧ್ವನಿಯನ್ನು ಕೇಳಿ ಆರು ಮೂಲ ಬಾಯಾಕಾರಗಳಲ್ಲಿ ಯಾವುದು ಎಲ್ಲಿ ಬರಬೇಕೆಂದು ತಿಳಿಸುತ್ತದೆ. ಮಾತನ್ನು ಗುರುತಿಸುವ ಅದರ ಮುಖ್ಯ ವಿಧಾನ ಇಂಗ್ಲಿಷಿಗೆ ಸೀಮಿತವಾಗಿದ್ದು, ಉಳಿದ ಭಾಷೆಗಳಿಗೆ ಕೇವಲ ಧ್ವನಿಯನ್ನು ಆಧರಿಸಿದ ಇನ್ನೊಂದು ವಿಧಾನವಿದೆ. ನಾನು ಅದನ್ನು ಕರಡಿಗೆ ಮಾತ್ರ ಬಳಸಿ, ಉಳಿದದ್ದನ್ನು ಕೈಯಿಂದಲೇ ತಿದ್ದಿದೆ. ಕನ್ನಡಕ್ಕೆ ನಮ್ಮ ವರ್ಣಮಾಲೆಗಿಂತ ಒಳ್ಳೆಯ ಮಾರ್ಗದರ್ಶಿ ಬೇಕಿಲ್ಲವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಕ್ಷರ ಬಾಯಿಯ ಯಾವ ಸ್ಥಾನದಲ್ಲಿ ಹುಟ್ಟುತ್ತದೆ ಎಂಬುದರ ಮೇಲೆಯೇ ವರ್ಗಗಳನ್ನು ಜೋಡಿಸಲಾಗಿದೆ. ಕವರ್ಗ ಮತ್ತು ಟವರ್ಗಗಳ ಕೆಲಸ ಬಾಯಿಯೊಳಗೇ ನಡೆಯುವುದರಿಂದ ಹೊರಗೆ ದವಡೆಯ ಚಲನೆಯಷ್ಟೇ ಕಾಣುತ್ತದೆ. ಪವರ್ಗಕ್ಕೆ ತುಟಿಗಳು ಮುಚ್ಚಲೇಬೇಕು, ‘ವ’ಕಾರಕ್ಕೆ ಕೆಳತುಟಿ ಮೇಲಿನ ಹಲ್ಲಿನತ್ತ ಹೋಗಬೇಕು, ಉ ಮತ್ತು ಒ ಸ್ವರಗಳಿಗೆ ತುಟಿ ದುಂಡಾಗಬೇಕು. ಇಷ್ಟು ಸರಿಯಿದ್ದರೆ ಮಿಕ್ಕದ್ದನ್ನು ನೋಡುವವರ ಕಣ್ಣು ತಾನೇ ತುಂಬಿಕೊಳ್ಳುತ್ತದೆ.

ಅಜ್ಜಿಯ ಮೊದಲ ಮಾತು, “ಬಾ ಮಗಾ, ಮಳೆ ಬಂತು.” ನಾಲ್ಕು ಪದಗಳೂ ತುಟಿ ಮುಚ್ಚಿಯೇ ಆರಂಭವಾಗುತ್ತವೆ. ಆದ್ದರಿಂದ ಮೊದಲು ಆ ನಾಲ್ಕು ಮುಚ್ಚುವಿಕೆಗಳಿಗೆ ಮಾತ್ರ ಕೀಫ್ರೇಮ್ (ಬಾಯಿಯ ಭಂಗಿಯನ್ನು ನಿಗದಿ ಮಾಡುವ ಫ್ರೇಮ್) ಇಟ್ಟೆ. ಸ್ವರಗಳನ್ನು ಆಮೇಲೆ ತುಂಬಿದೆ. ಮೊಮ್ಮಗಳ ಉತ್ತರ, “ಅಪ್ಪ ಬರ್ಲಿ, ಅಜ್ಜಿ.” ಇಲ್ಲಿ ವೇವ್‌ಫಾರ್ಮ್, ಅಂದರೆ ಧ್ವನಿಯ ಏರಿಳಿತವನ್ನು ತೋರಿಸುವ ಅಲೆಗೆರೆ, ನೋಡುವ ಕಣ್ಣು ಬೇಕು. ‘ಮ’ಕಾರದಲ್ಲಿ ತುಟಿ ಮುಚ್ಚಿದ್ದರೂ ಮೂಗಿನಿಂದ ಧ್ವನಿ ಹೊರಡುವುದರಿಂದ ತೆಳುವಾದ ಅಲೆ ಕಾಣುತ್ತದೆ, ‘ಪ್ಪ’ದಲ್ಲಿ ತುಟಿ ಮುಚ್ಚಿರುವಷ್ಟು ಹೊತ್ತೂ ಗೆರೆ ಸಪಾಟಾಗಿರುತ್ತದೆ. ಸದ್ದಿಲ್ಲವೆಂದು ಆ ಜಾಗವನ್ನು ಬಿಟ್ಟು ಅಲೆ ಎದ್ದ ಕಡೆ ತುಟಿ ಮುಚ್ಚಿಸಿದರೆ ಇಡೀ ಪದ ಕೆಡುತ್ತದೆ. ಗೆರೆ ಸಪಾಟಾಗುವಲ್ಲಿ ತುಟಿ ಮುಚ್ಚಿಸಿ, ಅದು ಮುಗಿಯುವ ತನಕ ಹಾಗೆಯೇ ಹಿಡಿದಿಟ್ಟು, ಅಲೆ ಚಿಮ್ಮುವ ಫ್ರೇಮಿನಲ್ಲಿ ತೆರೆಸಬೇಕು. ಒಂಟಿ ‘ಪ’ಕಾರಕ್ಕೆ ಎರಡು ಫ್ರೇಮ್ ಸಾಕಾದರೆ, ಒತ್ತಕ್ಷರಕ್ಕೆ ನಾಲ್ಕರ ತನಕ ಕೊಟ್ಟಿದ್ದೇನೆ. ಒಂದೇ ಫ್ರೇಮಿನ ಮುಚ್ಚುವಿಕೆ ಕಣ್ಣಿಗೆ ದಕ್ಕುವುದಿಲ್ಲ. ಅಂಥ ಕಡೆ ಹಿಂದಿನ ಸ್ವರದಿಂದ ಒಂದು ಫ್ರೇಮ್ ಕಡ ತೆಗೆದುಕೊಳ್ಳುತ್ತೇನೆ.

ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಬಿಟಿ.1359 ಶಿಫಾರಸಿನ ಪ್ರಕಾರ ಧ್ವನಿಯು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡ್ ಮುಂದಾದರೆ ನೋಡುಗರಿಗೆ ಗೊತ್ತಾಗುತ್ತದೆ; ಹಿಂದಾದರೆ 125 ಮಿಲಿಸೆಕೆಂಡ್ ಆಗುವವರೆಗೆ ಗೊತ್ತಾಗುವುದಿಲ್ಲ. ನಮ್ಮ ಲೆಕ್ಕದಲ್ಲಿ ಇದು ಒಂದು ಫ್ರೇಮ್ ಮತ್ತು ಮೂರು ಫ್ರೇಮ್. ಹಾಗಾಗಿ ಅನುಮಾನ ಬಂದಾಗಲೆಲ್ಲ ಬಾಯಿಯ ಚಲನೆಯನ್ನು ಒಂದು ಫ್ರೇಮ್ ಮುಂಚಿತವಾಗಿ ಇಡುತ್ತೇನೆ.

ಅಜ್ಜಿ ಒನಕೆಯಿಂದ ಭತ್ತ ಕುಟ್ಟುವ ದೃಶ್ಯಕ್ಕೆ ಸದ್ದುಗಳನ್ನು ಬೇರೆಬೇರೆಯಾಗಿ ಮುದ್ರಿಸಿದೆ. ಒನಕೆ ಒರಳಿಗೆ ತಾಗುವ ಫ್ರೇಮಿಗೆ ಕೀಬೋರ್ಡಿನ ‘ಎಂ’ ಕೀಲಿಯಿಂದ ಗುರುತು ಹಾಕಿ, ಸದ್ದಿನ ಶಿಖರವನ್ನು ಅಲ್ಲಿಗೆ ಕೂಡಿಸಿದೆ. ಬಳೆಗಳ ಸದ್ದಿಗೆ ಆ ಫ್ರೇಮ್ ಒಪ್ಪುವುದಿಲ್ಲ. ಕೈ ಮೇಲೇರಿ ನಿಂತ ಮೇಲೆ ಬಳೆಗಳು ಕೆಳಕ್ಕೆ ಜಾರುವುದರಿಂದ ಅವುಗಳ ಸದ್ದು ಕೈ ನಿಂತ ಎರಡು ಮೂರು ಫ್ರೇಮಿನ ನಂತರ ಬರಬೇಕು. ಈ ಸಣ್ಣ ಅಂತರವೇ ಅಜ್ಜಿಯ ಕೈಗೆ ತೂಕ ತಂದುಕೊಟ್ಟಿತು. ಗದ್ದೆಯಾಚೆ ಕೊಡಲಿ ಬೀಸುವವನ ಸದ್ದಿನ ಲೆಕ್ಕ ಮತ್ತೊಂದು ಬಗೆಯದು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುವುದರಿಂದ ಒಂದು ಫ್ರೇಮಿನ ಅವಧಿಯಲ್ಲಿ ಅದು ಕ್ರಮಿಸುವುದು ಸುಮಾರು 14 ಮೀಟರ್. ಐವತ್ತೇಳು ಮೀಟರ್ ದೂರದ ಕೊಡಲಿಯ ಏಟನ್ನು ನಾಲ್ಕು ಫ್ರೇಮ್ ತಡಮಾಡಿ ಕೇಳಿಸಿದೆ.

ರೆಂಡರ್ ಮಾಡುವಾಗ, ಅಂದರೆ ದೃಶ್ಯಗಳಿಂದ ಅಂತಿಮ ಚಿತ್ರಗಳನ್ನು ಹೊರತೆಗೆಯುವಾಗ, ನೇರವಾಗಿ ವಿಡಿಯೊ ತೆಗೆಯದೆ ಪಿಎನ್‌ಜಿ ಚಿತ್ರಗಳ ಸರಣಿ ತೆಗೆದು, ಅದನ್ನು ಮತ್ತೆ ಸೀಕ್ವೆನ್ಸರ್‌ನಲ್ಲಿ ಧ್ವನಿಯೊಡನೆ ಕೂಡಿಸಿದೆ. ಆಗ ಆಡಿಯೊ ಕೋಡೆಕ್ (ಧ್ವನಿಯನ್ನು ಉಳಿಸುವ ರೂಪ) ಜಾಗದಲ್ಲಿ ಎಎಸಿ ಆರಿಸಬೇಕು. ಹಾಗೆಯೇ ಬಿಟ್ಟರೆ ಚಿತ್ರ ಮೂಕವಾಗಿ ಹೊರಬರುತ್ತದೆ. ಸಿದ್ಧವಾದ ಕಡತವನ್ನು ಆದಿ, ಮಧ್ಯ, ಅಂತ್ಯ ಮೂರೂ ಕಡೆ ‘ಪ’ವರ್ಗದ ಅಕ್ಷರಗಳಿರುವಲ್ಲಿ ನಿಲ್ಲಿಸಿ ನೋಡುತ್ತೇನೆ. ಮೂರೂ ಕಡೆ ಒಂದೇ ಅಳತೆಯ ವ್ಯತ್ಯಾಸವಿದ್ದರೆ ಧ್ವನಿಪಟ್ಟಿಯನ್ನು ಅಷ್ಟು ಸರಿಸಿದರೆ ಸಾಕು. ಕೊನೆಗೆ ಹೋದಂತೆ ವ್ಯತ್ಯಾಸ ಬೆಳೆಯುತ್ತಿದ್ದರೆ ಫ್ರೇಮ್ ದರ ಎಲ್ಲೋ ಬದಲಾಗಿದೆ ಎಂದರ್ಥ, ಆಗ ಹುಡುಕಬೇಕಾದದ್ದು ಅದನ್ನೇ.