ಕಬಡ್ಡಿ ಮುಗಿದ ಮೇಲಿನ ಹದಿನೈದು ನಿಮಿಷ

ಹುಡುಗಿಯರನ್ನು ಚುಡಾಯಿಸುವುದರ ಬಗ್ಗೆ ನನ್ನ ಕಬಡ್ಡಿ ಹುಡುಗರ ಜೊತೆ ಮಾತಾಡಲು ಶುರುಮಾಡಿ ಮೂರು ತಿಂಗಳಾದಾಗ ಎಲ್ಲರೂ ಅಂದರು, "ಸರ್ರ, ಬಿಟ್ಟಬಿಡ್ರಿ. ಈ ಹುಡುಗ್ರು ಸುಧಾರಿಸೋದಿಲ್ಲ." ಈಗ ಅವರಲ್ಲೇ ಇಬ್ಬರು, ನಮ್ಮೂರಿಗೂ ಬನ್ನಿ ಅಂತ ಫೋನ್ ಮಾಡುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ವಿಜಯಪುರ ಜಿಲ್ಲೆ. ಬಸ್ ಸ್ಟ್ಯಾಂಡಿನಲ್ಲಿ ಹುಡುಗರು ಚುಡಾಯಿಸುತ್ತಾರೆ ಅಂತ ಮಗಳ ಶಾಲೆ ಬಿಡಿಸುತ್ತಾರೆ. ಬಿಡಿಸಿದ ಮೇಲೆ ಮದುವೆ. ನಿಮಗೂ ಗೊತ್ತಿರುವುದೇ.

ಮೊದಲು ಜಾಗೃತಿ ಸಭೆ ಮಾಡಿದೆ. ಶಾಮಿಯಾನ, ಮೈಕು, ಉಪ್ಪಿಟ್ಟು ಸೇರಿ ಹದಿನಾಲ್ಕು ಸಾವಿರದ ಹತ್ತಿರ. ಅದರಲ್ಲಿ ಐದು ಸಾವಿರ ನನ್ನ ಕೈಯಿಂದಲೇ ಹೋಯಿತು. ಮುಂದೆ ಕೂತು ಚಪ್ಪಾಳೆ ಹೊಡೆದವರೇ ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಸಿಳ್ಳೆ ಹಾಕಿದರು. ಬೀದಿನಾಟಕದ ದುಡ್ಡೂ ಸುಮ್ನೆ ಹೋಯಿತು.

ಆಮೇಲೆ ಸಿಕ್ಕಿದ್ದು ಅಮೆರಿಕದ ಸ್ಯಾಕ್ರಮೆಂಟೊದ ಅಧ್ಯಯನ. 16 ಹೈಸ್ಕೂಲು, ಸುಮಾರು 2,000 ಆಟಗಾರ ಹುಡುಗರು. ವಾರಕ್ಕೊಮ್ಮೆ ಅವರ ಕೋಚೇ ಹತ್ತು ಹದಿನೈದು ನಿಮಿಷ ಮಾತಾಡುವುದು, ಅಷ್ಟೇ. ಮೂರು ತಿಂಗಳಿಗೆ ಹೆಚ್ಚಾಗಿದ್ದು ಗೆಳೆಯ ತಪ್ಪು ಮಾಡಿದರೆ ತಡೆಯುವ ಮನಸ್ಸು. ಗೆಳತಿಯರ ಮೇಲಿನ ದೌರ್ಜನ್ಯ ಕಡಿಮೆಯಾಗಿದ್ದು ಕಂಡದ್ದು ವರ್ಷದ ಮೇಲೆ. ಮುಂಬೈಯಲ್ಲಿ ಕ್ರಿಕೆಟ್ ಕೋಚ್‌ಗಳು 'ಪರಿವರ್ತನ್' ಹೆಸರಿನಲ್ಲಿ ಇದನ್ನೇ ಮಾಡಿದ್ದರು. ನನ್ನ ಹತ್ತಿರ ಕಬಡ್ಡಿ ಇತ್ತಲ್ವಾ?

ಮಂಗಳವಾರ ಸಂಜೆ ಆಟ ಮುಗಿದ ಮೇಲೆ ಮಣ್ಣಲ್ಲೇ ಕೂರುತ್ತೇವೆ. ಶೇಂಗಾ ಚಿಕ್ಕಿಗೆ ವಾರಕ್ಕೆ ನೂರೈವತ್ತು ರೂಪಾಯಿ. ಮೊದಲ ನಾಲ್ಕು ವಾರ ಪೋಕ್ಸೊ ಕಾಯ್ದೆ ಹೇಳಿ ಕೆಟ್ಟೆ. ಹುಡುಗರು ನೆಲ ನೋಡುತ್ತಾ ಕೂತರು. ಐದನೇ ವಾರ ಕಾಯ್ದೆ ಬಿಟ್ಟು ಒಂದು ಪ್ರಶ್ನೆ ಕೇಳಿದೆ. ಕತ್ತಲಾದರೂ ಯಾರೂ ಏಳಲಿಲ್ಲ. ಆ ಪ್ರಶ್ನೆ ಇಲ್ಲಿ ಬರೆಯುವುದಿಲ್ಲ. ಬೇಕಾದವರು ಮಂಗಳವಾರ ಬನ್ನಿ.

ನಡುವೆ ಇನ್ನೊಂದು ಪ್ರಯೋಗ. ಅದೇ ಅಂಕಣದಲ್ಲಿ, ಅದೇ ಹೊತ್ತಿಗೆ ಹುಡುಗಿಯರ ಟೀಮು ಇಳಿಸಿದೆ. ಇಪ್ಪತ್ತೆರಡಿದ್ದ ಹುಡುಗರು ಹದಿಮೂರಾದರು. ಹಿರಿಯರು ಜಗಳಕ್ಕೆ ಬಂದರು. ಹುಡುಗಿಯರ ಆಟವನ್ನು ಬೆಳಗ್ಗೆ ಆರಕ್ಕೆ ಬದಲಿಸಿದೆ. ಈಗ ಒಂಬತ್ತು ಹುಡುಗಿಯರು ಆಡುತ್ತಾರೆ. ಒಬ್ಬಳ ರೈಡ್ ನೋಡಬೇಕು ನೀವು!

ಮಂಗಳವಾರದ ಮಾತು ಶುರುವಾದ ಹತ್ತನೇ ತಿಂಗಳಲ್ಲಿರಬೇಕು, ಒಂದು ಸಂಜೆ ಬಸ್ ಇಳಿಯುತ್ತಿದ್ದೆ. ಒಬ್ಬ ಹುಡುಗ ಶಾಲೆ ಹುಡುಗಿಯೊಬ್ಬಳ ವಿಡಿಯೋ ತೆಗೆಯುತ್ತಿದ್ದ. ನಮ್ಮ ಕ್ಯಾಪ್ಟನ್ ಅವನ ಮಣಿಕಟ್ಟು ಹಿಡಿದ, ರೈಡರ್‌ನ ಹಿಡಿದ ಹಾಗೆ. "ಅಳಸಲೇ ಅದನ್ನ. ಇಲ್ಲಾಂದ್ರ ನಾಳೆ ಆಟಕ್ಕ ಬರಬ್ಯಾಡ." ಅವನು ಅಳಿಸಿದ. ನಾನಿದ್ದದ್ದು ಇಬ್ಬರಿಗೂ ಗೊತ್ತಿರಲಿಲ್ಲ.

ಶಾಲೆ ಬಿಟ್ಟಿದ್ದ ಐದಾರು ಹುಡುಗಿಯರಲ್ಲಿ ಮೂವರು ಈ ಜೂನಿನಿಂದ ಮತ್ತೆ ಅದೇ ಬಸ್ಸಿಗೆ ನಿಲ್ಲುತ್ತಿದ್ದಾರೆ.