ಜ್ಯಾಗ್ ಕಚೇರಿಯಲ್ಲಿ ಒತ್ತಡವನ್ನೂ ಪ್ರತಿಷ್ಠೆಯನ್ನೂ ನಿಭಾಯಿಸಿದ ಬಗೆ: ನನ್ನ ಅನುಭವ

ಭೂಸೇನೆಯ ಜಡ್ಜ್ ಅಡ್ವೊಕೇಟ್ ಜನರಲ್ ವಿಭಾಗದಲ್ಲಿ, ಅಂದರೆ ಎಲ್ಲರೂ ಜ್ಯಾಗ್ ಎಂದು ಕರೆಯುವ ಶಾಖೆಯಲ್ಲಿ, ಕೆಲಸ ಮಾಡುವವರು ಕಾನೂನು ಸಲಹೆಗಾರರೂ ಹೌದು, ಮೇಲಧಿಕಾರಿಗೆ ಸೆಲ್ಯೂಟ್ ಹೊಡೆಯಬೇಕಾದ ಅಧಿಕಾರಿಗಳೂ ಹೌದು. ಕಾನೂನು ಪದವಿ ಮುಗಿಸಿ, ಬೆಂಗಳೂರಿನ ಆಯ್ಕೆ ಕೇಂದ್ರದ ಐದು ದಿನಗಳ ಪರೀಕ್ಷೆ ದಾಟಿ, ಚೆನ್ನೈನ ಅಕಾಡೆಮಿಯಲ್ಲಿ ಬೇರೆಲ್ಲ ಕೆಡೆಟ್‌ಗಳಂತೆಯೇ ಬೆವರು ಸುರಿಸಿ, ಕಾಂಪ್ಟಿಯ ಮಿಲಿಟರಿ ಕಾನೂನು ಸಂಸ್ಥೆಯಲ್ಲಿ ಓದಿದ ಮೇಲೆ ಸೇನಾ ಕಾಯ್ದೆ, 1950 ಮತ್ತು ಸೇನಾ ನಿಯಮಗಳು, 1954 ನನಗೆ ಹೆಚ್ಚುಕಡಿಮೆ ಕಂಠಪಾಠವಾಗಿದ್ದವು. ಡಿವಿಜನ್ ಕಚೇರಿಯಲ್ಲಿ ಕುಳಿತ ಮೇಲೆ ಕಂಡುಕೊಂಡದ್ದೇ ಬೇರೆ. ಇಲ್ಲಿ ಒತ್ತಡವು ಆದೇಶವಾಗಿ ಬರುವುದು ತೀರಾ ಅಪರೂಪ. ಅದು ಯಾರದೋ ಪ್ರತಿಷ್ಠೆಯ ಬೆನ್ನೇರಿ ಬರುತ್ತದೆ, ಎಷ್ಟೋ ಸಲ ನಮ್ಮದೇ ಪ್ರತಿಷ್ಠೆಯ ಬೆನ್ನೇರಿ.

ಸಮರಿ ಕೋರ್ಟ್ ಮಾರ್ಷಲ್, ಅಂದರೆ ಪಲ್ಟನ್ನಿನೊಳಗೇ ನಡೆಯುವ ಸಂಕ್ಷಿಪ್ತ ಸೇನಾ ವಿಚಾರಣೆಯ ಪ್ರಕರಣಗಳಲ್ಲಿ ಇದು ಎದ್ದು ಕಾಣುತ್ತದೆ. ಅಲ್ಲಿ ಪಲ್ಟನ್ನಿನ ಮುಖ್ಯಸ್ಥರಾದ ಕಮಾಂಡಿಂಗ್ ಆಫೀಸರ್ ಒಬ್ಬರೇ ನ್ಯಾಯಾಲಯ. ಇನ್ನಿಬ್ಬರು ಹಾಜರಿರಬೇಕು, ಆದರೆ ತೀರ್ಪಿನಲ್ಲಿ ಅವರ ಮಾತು ನಡೆಯುವುದಿಲ್ಲ. ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನ ದರ್ಜೆಯವರಾದರೆ ಒಂದು ವರ್ಷದವರೆಗೆ ಜೈಲು ವಿಧಿಸಬಹುದು, ನೌಕರಿಯಿಂದ ವಜಾ ಮಾಡಬಹುದು, ಶಿಕ್ಷೆಯನ್ನು ಕೂಡಲೇ ಜಾರಿಗೂ ತರಬಹುದು. ಇಷ್ಟು ಅಧಿಕಾರವುಳ್ಳವರಿಗೆ ಕಿರಿಯ ದರ್ಜೆಯವನೊಬ್ಬ ಫೋನಿನಲ್ಲಿ ನಿಯಮ ಹೇಳಿದರೆ ಕಿರಿಕಿರಿಯಾಗುವುದು ಸಹಜ.

ಒಬ್ಬ ಕಮಾಂಡಿಂಗ್ ಆಫೀಸರ್ ಶುಕ್ರವಾರ ಸಂಜೆ ಕರೆ ಮಾಡಿ, ಪಲ್ಟನ್ ಹೊಸ ಠಾಣೆಗೆ ಹೊರಡುವ ಮೊದಲು, ಶನಿವಾರವೇ, ಜವಾನನೊಬ್ಬನ ವಿಚಾರಣೆ ಮುಗಿಸಬೇಕು, ಇದು ಪಲ್ಟನ್ನಿನ ಇಜ್ಜತ್ತಿನ ಪ್ರಶ್ನೆ ಎಂದರು. ಆಗದು ಎಂದು ನಾನು ಹೇಳಲಿಲ್ಲ. ಜವಾನನಿಗೆ ಆರೋಪಪಟ್ಟಿ ಕೊಟ್ಟ ರಸೀದಿಯಲ್ಲಿ ಯಾವ ಸಮಯ ಬರೆದಿದೆ ಎಂದಷ್ಟೇ ಕೇಳಿದೆ. ಗುರುವಾರ ಬೆಳಿಗ್ಗೆ ಹನ್ನೊಂದು. "ಸರ್, ಆರೋಪ ತಿಳಿಸುವುದಕ್ಕೂ ವಿಚಾರಣೆ ಆರಂಭಿಸುವುದಕ್ಕೂ ನಡುವೆ 96 ಗಂಟೆ ಇರಬೇಕು. ಸಕ್ರಿಯ ಸೇವೆಯಲ್ಲಿದ್ದರೆ 24 ಸಾಕಿತ್ತು, ನೀವೀಗ ಶಾಂತಿ ಠಾಣೆಯಲ್ಲಿದ್ದೀರಿ. ಸೋಮವಾರ ಹನ್ನೊಂದರ ನಂತರ ಶುರು ಮಾಡಿದರೆ ಮುಂದೆ ಯಾರೂ ಆ ರಸೀದಿ ಹಿಡಿದುಕೊಂಡು ನಿಮ್ಮ ತೀರ್ಪನ್ನು ಅಳಿಸಲಾರರು" ಎಂದೆ. ಅವರ ದನಿ ಇಳಿಯಲಿಲ್ಲ, ಆದರೆ ವಿಚಾರಣೆ ಸೋಮವಾರ ಮಧ್ಯಾಹ್ನಕ್ಕೆ ಹೋಯಿತು. ಕಾನೂನನ್ನು ಅವರ ಅಧಿಕಾರಕ್ಕೆ ಅಡ್ಡಿಯಾಗಿ ನಿಲ್ಲಿಸದೆ, ಅವರ ತೀರ್ಪಿಗೆ ರಕ್ಷಣೆಯಾಗಿ ಮುಂದಿಡುವುದೇ ನಾನು ಕಂಡುಕೊಂಡ ದಾರಿ.

ಜವಾನನ ಮೇಲೆ ಕಮಾಂಡಿಂಗ್ ಆಫೀಸರಿಗೆ ವೈಯಕ್ತಿಕ ಸಿಟ್ಟಿದೆ ಎನ್ನಿಸಿದಾಗ ಮಾತ್ರ ಈ ನಯ ಸಾಲದು. ಅಂಥಲ್ಲಿ 1987ರ ರಣಜಿತ್ ಠಾಕೂರ್ ಪ್ರಕರಣದ ತೀರ್ಪನ್ನು ಟಿಪ್ಪಣಿಗೆ ಲಗತ್ತಿಸುತ್ತಿದ್ದೆ. ಕೊಟ್ಟ ಊಟವನ್ನು ತಿನ್ನಲು ಒಪ್ಪಲಿಲ್ಲವೆಂದು ಸಿಗ್ನಲ್ಸ್ ದಳದ ಸಿಪಾಯಿಯಾದ ಠಾಕೂರ್‌ಗೆ ಒಂದು ವರ್ಷದ ಕಠಿಣ ಸಜೆ ಮತ್ತು ವಜಾ ಆಗಿತ್ತು. ಅವನು ಯಾರ ವಿರುದ್ಧ ಮೇಲಕ್ಕೆ ದೂರು ಕೊಟ್ಟಿದ್ದನೋ ಆ ಅಧಿಕಾರಿಯೇ ಪೀಠದಲ್ಲಿದ್ದರು. ಪಕ್ಷಪಾತದ ಸಾಧ್ಯತೆಯನ್ನೂ ಶಿಕ್ಷೆಯ ಅತಿರೇಕವನ್ನೂ ಎತ್ತಿ ಹೇಳಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ನಾನು ಬಾಯಲ್ಲಿ ಹೇಳಿದರೆ ಉದ್ಧಟತನವೆನಿಸುವ ಮಾತು ತೀರ್ಪಿನ ಪುಟದಲ್ಲಿದ್ದರೆ ಯಾರಿಗೂ ಹಾಗನ್ನಿಸುವುದಿಲ್ಲ.

ಇನ್ನು ನಮ್ಮ ಪ್ರತಿಷ್ಠೆಯ ವಿಷಯ. ಜನರಲ್ ಕೋರ್ಟ್ ಮಾರ್ಷಲ್‌ನಲ್ಲಿ ಕನಿಷ್ಠ ಐವರು ಅಧಿಕಾರಿಗಳಿರುತ್ತಾರೆ, ಜೊತೆಗೆ ಅವರಿಗೆ ಕಾನೂನು ತಿಳಿಸಿಕೊಡುವ ಜಡ್ಜ್ ಅಡ್ವೊಕೇಟ್ ಕಡ್ಡಾಯ; ಆ ಕೆಲಸ ನನ್ನ ಪಾಲಿಗೆ ಬರುತ್ತಿತ್ತು. ಮೇಜರ್ ದರ್ಜೆಯ ನಾನು ಸಾಕ್ಷ್ಯವನ್ನೆಲ್ಲ ಕ್ರೋಡೀಕರಿಸಿ ಹೇಳುವಾಗ ಬ್ರಿಗೇಡಿಯರ್‌ರಿಂದ ಹಿಡಿದು ಎಲ್ಲರೂ ಪೆನ್ನು ಹಿಡಿದು ಬರೆದುಕೊಳ್ಳುತ್ತಿದ್ದರು. ಅದು ತಲೆಗೇರದಿರಲು ಮನುಷ್ಯ ಸನ್ಯಾಸಿಯೇ ಆಗಿರಬೇಕು. ಜಡ್ಜ್ ಅಡ್ವೊಕೇಟ್‌ಗೆ ಮತವಿಲ್ಲ, ಆದರೆ ದನಿಯ ಏರಿಳಿತದಲ್ಲೇ ಮತ ಹಾಕಿಬಿಡಬಹುದು. ಆದ್ದರಿಂದ ಪೂರ್ಣ ಪಾಠವನ್ನು ಬರೆದುಕೊಂಡು, ಎರಡೂ ಕಡೆಯ ಸಾಕ್ಷ್ಯಕ್ಕೆ ಪುಟಸಂಖ್ಯೆ ಹಾಕಿ, ವಿಶೇಷಣಗಳನ್ನೆಲ್ಲ ಹೊಡೆದುಹಾಕಿ, ಒಂದೇ ದನಿಯಲ್ಲಿ ಓದುತ್ತಿದ್ದೆ. ವಿಚಾರಣೆಯ ದಿನಗಳಲ್ಲಿ ಸದಸ್ಯರ ಜೊತೆ ಮೆಸ್ಸಿನಲ್ಲಿ ಕೂರುತ್ತಿರಲಿಲ್ಲ. ಅಭಿಪ್ರಾಯ ಹೇಳುವಾಗ ಅತ್ಯಂತ ಕಿರಿಯ ಸದಸ್ಯರು ಮೊದಲು ಹೇಳಬೇಕೆಂಬ ನಿಯಮವಿದೆ. ಹಿರಿಯರ ಮಾತು ಕೇಳಿದ ಮೇಲೆ ಕ್ಯಾಪ್ಟನ್ನನ ನಾಲಿಗೆ ಹೊರಳುವುದಿಲ್ಲ ಎಂಬುದನ್ನು ನಿಯಮ ಬರೆದವರು ಚೆನ್ನಾಗಿ ಬಲ್ಲವರಾಗಿದ್ದರು.

ಊರ ಕಡೆಯ ಒತ್ತಡ ಬೇರೆಯದೇ. ವಿಜಯಪುರದ ಕಡೆಯ ಜವಾನನೊಬ್ಬನ ತಂದೆ ಹೇಗೋ ನನ್ನ ನಂಬರ್ ಹುಡುಕಿ, "ಸಾಹೇಬ್ರ, ನೀವು ನಮ್ಮ ಭಾಷಾದವ್ರು ಅಂತ ಗೊತ್ತಾತ್ರಿ, ನಮ್ಮ ಹುಡುಗನ್ನ ನೀವ ಉಳಿಸ್ಬೇಕ್ರಿ" ಎಂದರು. ಕೈಯಲ್ಲಿಲ್ಲದ ಅಧಿಕಾರವನ್ನೂ ಇದೆಯೆಂದು ತೋರಿಸಿಕೊಳ್ಳುವ ಆಸೆ ಇಂಥ ಮಾತಿಗೇ ಹುಟ್ಟುವುದು. "ಕಾಕಾ, ಆ ಕಡತ ನನ್ನ ಮುಂದೆ ಬರ್ತದ, ಅದಕ್ಕ ಅದರ ಬಗ್ಗೆ ನಾ ಮಾತಾಡೂ ಹಂಗಿಲ್ಲ. ನಿಮ್ಮ ಮಗಗ ತನ್ನ ಪರ ವಾದ ಮಾಡೂ ಡಿಫೆಂಡಿಂಗ್ ಆಫೀಸರ್ ಕೇಳೂ ಹಕ್ಕದ, ಸಾಕ್ಷಿಗಳಿಗೆ ಪ್ರಶ್ನೆ ಹಾಕೂ ಹಕ್ಕದ, ಅಷ್ಟು ಅವಗ ಹೇಳ್ರಿ" ಎಂದೆ. ಕರೆ ಬಂದದ್ದನ್ನು ಅಂದೇ ಕಡತದಲ್ಲಿ ದಾಖಲಿಸಿದೆ.

ನಮ್ಮ ಸಲಹೆಗೆ ಕಮಾಂಡರ್ ಬದ್ಧರಲ್ಲ. ಹೊಸಬರಿಗೆ ಅರಗಿಸಿಕೊಳ್ಳಲು ಅತಿ ಕಷ್ಟವಾಗುವುದು ಇದೇ. ಟಿಪ್ಪಣಿಯ ಅಂಚಿನಲ್ಲಿ 'ಸ್ಪೀಕ್' ಎಂದು ಬರೆದು ಬಂದರೆ ಹೋಗಿ ಮಾತನಾಡುತ್ತಿದ್ದೆ. ಹೊಸ ಸಂಗತಿಯೇನಾದರೂ ತಿಳಿದರೆ ಅದನ್ನು ಹೊಸ ಹಾಳೆಯಲ್ಲಿ ಬರೆಯುತ್ತಿದ್ದೆ, ಹಳೆಯ ಹಾಳೆಯನ್ನು ಮಾತ್ರ ತೆಗೆಯುತ್ತಿರಲಿಲ್ಲ. ಕೋರ್ಟ್ ಮಾರ್ಷಲ್ ತೀರ್ಪುಗಳ ಮೇಲಿನ ಮೇಲ್ಮನವಿ ಕೇಳುವ ಸಶಸ್ತ್ರ ಪಡೆಗಳ ನ್ಯಾಯಮಂಡಳಿ 2009ರಲ್ಲಿ ಕೆಲಸ ಆರಂಭಿಸಿದ ಮೇಲಂತೂ ಇಂಥ ಕಡತಗಳನ್ನು ವರ್ಷಗಳ ನಂತರ ಅಪರಿಚಿತರು ತೆರೆದು ಓದುವ ಸಂಭವ ಹೆಚ್ಚಿದೆ. ಕಮಾಂಡರ್ ನನ್ನ ಸಲಹೆ ಒಪ್ಪದೆ, ಆದರೆ ಕಾಯ್ದೆಯ ಮಿತಿಯೊಳಗೇ, ಬೇರೆ ತೀರ್ಮಾನ ಕೈಗೊಂಡರೆ ಆ ಆದೇಶದ ಕರಡನ್ನು ನನ್ನ ಸಲಹೆಗೆ ತೋರಿದಷ್ಟೇ ಎಚ್ಚರದಿಂದ ಸಿದ್ಧಪಡಿಸುತ್ತಿದ್ದೆ; ಮಿತಿ ಮೀರಿದಂತೆ ಕಂಡರೆ, ಕಮಾಂಡ್ ಕಚೇರಿಯ ಜ್ಯಾಗ್ ಅಧಿಕಾರಿಯ ಅಭಿಪ್ರಾಯ ಪಡೆಯುವುದು ಸೂಕ್ತವೆಂದು ಲಿಖಿತವಾಗಿ ಕೋರಿ ಕಡತವನ್ನು ಅದೇ ದಿನ ವಾಪಸ್ ಕಳಿಸುತ್ತಿದ್ದೆ.